ಹೆಸರಿನ ಜಾಗ

ಪಾಪಮ್ಮ ಹೊಸದಾಗಿ ಸೊಲ್ಲು ಹಿಡಿಯಲು, ಅಂದರೆ ಮುಂದಿನವಳು ಎತ್ತಿಕೊಟ್ಟ ಸಾಲನ್ನು ಹಿಂದಿನಿಂದ ತಿರುಗಿ ಹಾಡಲು, ಕಲಿಯುತ್ತಿದ್ದ ದಿನಗಳಲ್ಲಿ ಒಂದು ಮದುವೆಯಲ್ಲಿ ಎಡವಟ್ಟು ಮಾಡಿಕೊಂಡಳು. ಹಸೆಯ ಮೇಲೆ ಕೂತಿದ್ದ ಮದುವಣಗಿತ್ತಿಯ ಹೆಸರು ಮುನಿವೆಂಕಟಮ್ಮ. ಪಾಪಮ್ಮನ ಬಾಯಿಂದ ಬಂದದ್ದು ಹಿಂದಿನ ವಾರ ಬೇರೊಂದು ಊರಲ್ಲಿ ಧಾರೆಯಾಗಿ ಹೋಗಿದ್ದ ಆದಿಲಕ್ಷ್ಮಿಯ ಹೆಸರು. ಗಂಡಿನ ತಾಯಿ ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ಬಂದು, "ಅದ್ಯಾವಳವಳು ಆದಿಲಕ್ಷ್ಮಿ? ನನ್ನ ಮಗಂಗೆ ಎಷ್ಟು ಜನ ಹೆಂಡ್ರನ್ನ ಗಂಟು ಹಾಕ್ಬೇಕು ಅಂತಿದ್ದೀರ?" ಎಂದು ಚಪ್ಪರ ಹಾರಿಹೋಗುವ ಹಾಗೆ ಕೂಗಿದಳು.

ಮುಂದೆ ಕೂತು ಹಾಡು ಎತ್ತಿಕೊಡುತ್ತಿದ್ದವಳು ಕದಿರಮ್ಮ. ಅವಳು ಪಾಪಮ್ಮನ ತೊಡೆ ಚಿವುಟಿ, ಕೂತಲ್ಲೇ ಹೊಸ ಸಾಲೊಂದನ್ನು ಕಟ್ಟಿ ಹಾಡಿದಳು. ಬೀಗಿತ್ತಿಯ ಕೂಗು ಕೇಳಿ ಮಾಕಳಿದುರ್ಗದ ಬೆಟ್ಟದ ಕೋತಿಗಳೆಲ್ಲ ಊಟಕ್ಕೆ ಇಳಿದು ಬಂದವು, ಅವಕ್ಕೂ ಎಲೆ ಹಾಕಿಸಿರವ್ವ ಎಂದು. ಚಪ್ಪರವೆಲ್ಲ ನಕ್ಕಿತು. ಬೀಗಿತ್ತಿಗೆ ಕೊನೆಯವರೆಗೂ ಮುಖ ಗಂಟು ಹಾಕಿಕೊಂಡಿರಲು ಆಗಲಿಲ್ಲ, ಅವಳೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮನೆಗೆ ನಡೆದು ಬರುವಾಗ ಕದಿರಮ್ಮ ಬುದ್ಧಿ ಹೇಳಿದಳು. "ಹೆಸರಿನ ಜಾಗ ಅನ್ನೋದು ಹಸೆ ಇದ್ದಂಗೆ ಕಣೇ ಪಾಪಮ್ಮ. ಯಾರ ಮದುವೆಯೋ ಅವಳೇ ಕೂರ್ಬೇಕು. ನಿನ್ನೆ ಎದ್ದು ಹೋದವಳನ್ನ ಇವತ್ತು ತಂದು ಕೂರಿಸಿದ್ರೆ ಎರಡು ಮನೆಗೂ ಕೇಡು. ಹಾಡು ಮರೆತ್ರೆ ಮರಿ, ಹೆಸರು ಮಾತ್ರ ತಪ್ಪಬೇಡ."

ಪಾಪಮ್ಮ ಆ ಮಾತನ್ನು ಸಾಯುವವರೆಗೆ ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಕದಿರಮ್ಮನ ತವರು ಸೂಲಿಬೆಲೆಯ ಕಡೆ. ಹುಟ್ಟಿದ ಮಕ್ಕಳು ನಿಲ್ಲದೆ ಹೋದಾಗ ಅವಳ ಅಪ್ಪ ಕದಿರಿ ನರಸಿಂಹನಿಗೆ ಹರಕೆ ಹೊತ್ತಿದ್ದರಿಂದ ಆ ಹೆಸರು. ಮಾಕಳಿದುರ್ಗದ ಬೆಟ್ಟದ ಬುಡದ ಹಳ್ಳಿಯ ಪಿಳ್ಳಣ್ಣನನ್ನು ಕೈಹಿಡಿದು ಬಂದಾಗ ಅವಳಿಗೆ ಸರಿಯಾಗಿ ಸೀರೆ ಉಡಲೂ ಬರುತ್ತಿರಲಿಲ್ಲವಂತೆ. ಅತ್ತೆ ಬಾಯಿಬಡುಕಿ. ಅತ್ತೆಯ ಬಾಯಿಂದ ತಪ್ಪಿಸಿಕೊಳ್ಳಲು ಸೊಸೆ ಬೀಸುಕಲ್ಲಿನ ಮುಂದೆ ಕೂತುಬಿಡುತ್ತಿದ್ದಳು. ಕಲ್ಲು ತಿರುಗುವಾಗ ಯಾರು ಬೈದರೂ ಕೇಳಿಸುವುದಿಲ್ಲ. ಅಲ್ಲಿ ಅವಳು ಮೊದಲು ಬೇರೆಯವರ ಹಾಡು ಹೇಳಿಕೊಂಡಳು, ಆಮೇಲೆ ಮರೆತ ಸಾಲಿಗೆ ತನ್ನದೊಂದು ಸಾಲು ಹಚ್ಚಿದಳು, ಹಚ್ಚಿ ಹಚ್ಚಿ ಕೊನೆಗೆ ಇಡೀ ಹಾಡೇ ಅವಳದಾಯಿತು. ಅಕ್ಷರ ಬಾರದು. ಒಂದು ಮೊರ ರಾಗಿ ಹಿಟ್ಟಾಗುವ ಹೊತ್ತಿಗೆ ಒಂದು ಹಾಡು ಆಗುತ್ತಿತ್ತು, ಮಾರನೆಯ ದಿನ ಅದು ನೆರೆಮನೆಯ ಪಾಪಮ್ಮನ ಬಾಯಲ್ಲೂ ಇರುತ್ತಿತ್ತು.

ನಲವತ್ತರ ಇಸವಿಯ ಹೊತ್ತಿಗೆ ದೊಡ್ಡಬಳ್ಳಾಪುರದ ಸುತ್ತ ಕದಿರಮ್ಮ ಬಾರದ ಮದುವೆ ಮದುವೆಯೇ ಅಲ್ಲ ಎನ್ನುವಂತಾಗಿತ್ತು. ಅರಿಶಿನಕ್ಕೆ ಒಂದು ಹಾಡು, ಹಸೆಗೆ ಕರೆಯಲು ಒಂದು, ಬೀಗರ ಮೀಸೆ ಎಳೆಯಲು ಹತ್ತು. ಯುದ್ಧ ಬಂದು, ಅಕ್ಕಿ ಸೀಮೆಎಣ್ಣೆಗೆಲ್ಲ ಕೂಪನ್ನಾಗಿ, ಮದುವೆಯೂಟದಲ್ಲಿ ಮುದ್ದೆಯ ಗಾತ್ರ ಇಳಿದರೂ ಹಾಡಿಗೆ ಯಾರೂ ಕೂಪನ್ನು ಇಡಲಿಲ್ಲ. ಕೈಗೆ ಬರುತ್ತಿದ್ದುದು ಒಂದು ರವಿಕೆ ಕಣ, ತೆಂಗಿನಕಾಯಿ, ಎಲೆ ಅಡಿಕೆ. "ಇವಳು ಹಾಡಿ ಹಾಡಿ ನಮ್ಮ ಮನೆ ತುಂಬಾ ರವಿಕೆ ಕಣ. ನಾನೂ ಒಂದು ಹೊಲಿಸ್ಕೊಂಡು ಹಾಕ್ಕೊಳ್ಲಾ?" ಎಂದು ಪಿಳ್ಳಣ್ಣ ತಮಾಷೆ ಮಾಡುತ್ತಿದ್ದ. ಮಾತು ಕಡಿಮೆಯ ಗಂಡಸು. ಹೆಂಡತಿ ಹಾಡು ಕಟ್ಟುವಾಗ ದನದ ಕೊರಳ ಗಂಟೆ ಸದ್ದಾಗದಂತೆ ಕೈಯಲ್ಲಿ ಹಿಡಿದು ಕೂರುತ್ತಿದ್ದ.

ಅವರಿಗೆ ಉಳಿದದ್ದು ಒಬ್ಬಳೇ ಮಗಳು, ಅಂಜಿನಮ್ಮ. ಮನೆಯಲ್ಲಿ ಅಂಜಿನಿ. ಮುಂದಿನ ಹಲ್ಲೊಂದು ತುಸು ಮುರಿದಿತ್ತು, ಅದನ್ನು ಮುಚ್ಚಿಕೊಳ್ಳಲು ತುಟಿ ಬಿಗಿಹಿಡಿದು ನಗುತ್ತಿದ್ದಳು. ಮನೆಯಲ್ಲೊಂದು ಕರಿಯ ಕರು ಹುಟ್ಟಿತ್ತು. ನೀರಿಗೆ ಹೋಗಬೇಕಾದರೂ ಅಂಜಿನಿ ಅದಕ್ಕೆ ಹೇಳಿ ಹೋಗಬೇಕು. "ಇಲ್ಲೇ ಬಾವಿತಾವ ಹೋಗ್ಬಿಟ್ಟು ಬರ್ತೀನಿ, ಅರಚಬೇಡ" ಎಂದು ಕಿವಿಯಲ್ಲಿ ಹೇಳದಿದ್ದರೆ ಕರು ಹಗ್ಗ ಕಿತ್ತುಕೊಂಡು ಅರಚುತ್ತಿತ್ತು. ಪಾಪಮ್ಮನ ಮಗಳು ವರಲಕ್ಷ್ಮಿ ಇವಳಿಗಿಂತ ಐದಾರು ವರ್ಷ ಚಿಕ್ಕವಳು. ಅಂಜಿನಿಯ ಸೊಂಟ ಬಿಟ್ಟು ಇಳಿಯದೆ, ಅವಳ ಬಟ್ಟಲಲ್ಲೇ ಉಂಡು ಬೆಳೆದಳು.

ಅಂಜಿನಿಗೆ ಸೂಲಿಬೆಲೆಯ ಕಡೆ ಗಂಡು ಗೊತ್ತಾಯಿತು. ಊರ ಹೆಣ್ಣುಮಕ್ಕಳಿಗೆಲ್ಲ ಹಾಡು ಕಟ್ಟಿದವಳು ತನ್ನ ಮಗಳಿಗೆ ಇದ್ದುದರಲ್ಲೇ ಒಂದನ್ನು ಹಾಡಿ ಕಳಿಸುತ್ತಾಳೆಯೇ? ಕದಿರಮ್ಮ ಹೆಣ್ಣೊಪ್ಪಿಸುವ ಹಾಡೊಂದನ್ನು ಗುಟ್ಟಾಗಿ ಕಟ್ಟತೊಡಗಿದಳು. ಮಗಳು ಬಾವಿಗೆ ಹೋದಾಗ ಬೀಸುಕಲ್ಲಿನ ಮುಂದೆ ಕೂರುವಳು, ಕೊಡದ ಸದ್ದಾದರೆ ಹಳೆಯ ಹಾಡಿಗೆ ಹಾರುವಳು. ಪಾಪಮ್ಮನಿಗೂ ಹೇಳಲಿಲ್ಲ. ಮಗಳು ಹೊಸಿಲು ದಾಟುವ ಗಳಿಗೆಯಲ್ಲೇ ಅದು ಮೊದಲ ಸಲ ಬಾಯಿಂದ ಹೊರಗೆ ಬರಬೇಕು ಎನ್ನುವುದು ಅವಳ ಆಸೆ.

ಕರಿಯ ಕರುವಿಗೆ ಹೇಳಿ ಬಂದ್ಯೇನೆ ಅಂಜಿನಿ
ಹೊರಟೆನಂತ ಹೇಳಿ ಬಂದ್ಯೇನೆ
ಹೊಸಿಲಾಚೆ ಕಾಲಿಟ್ರೆ ತಿರುಗಿ ನೋಡಬ್ಯಾಡ
ನೋಡಿದರೆ ನಾ ತಾಳಲಾರೆ

ಹಾಡು ಮುಗಿಯಿತು. ಚಪ್ಪರಕ್ಕೆ ಬಿದಿರ ಗಳು ಕಡಿಸಿದ್ದೂ ಆಯಿತು. ಅಷ್ಟರಲ್ಲಿ ಪಕ್ಕದ ಬೀದಿಯಲ್ಲಿ ಇಲಿ ಬಿತ್ತು.

ಇಲಿ ಬಿತ್ತೆಂದರೆ ಆ ಕಾಲದಲ್ಲಿ ಬೇರೆ ಏನೂ ಹೇಳಬೇಕಾಗಿರಲಿಲ್ಲ. ಪ್ಲೇಗು. ಮನೆಗಳಿಗೆ ಮುಳ್ಳು ಬಡಿದು ಊರೆಲ್ಲ ಹೊಲಕ್ಕೆ ಹೋಗಿ ಗುಡಿಸಲು ಹಾಕಿಕೊಂಡಿತು. ಚಪ್ಪರದ ಗಳುಗಳನ್ನೇ ಪಿಳ್ಳಣ್ಣ ಹೊತ್ತುಕೊಂಡು ಹೋಗಿ ಗುಡಿಸಲಿಗೆ ನೆಟ್ಟ. ಆ ಗುಡಿಸಲಲ್ಲಿ ಅಂಜಿನಿಗೆ ಜ್ವರ ಬಂತು, ತೊಡೆಸಂದಿಯಲ್ಲಿ ಗೆಡ್ಡೆ ಎದ್ದಿತು. ಮೂರನೆಯ ದಿನ ಅವಳನ್ನು ಹೊರಗೆ ತಂದರು. ಗುಡಿಸಲಿಗೆ ಹೊಸಿಲೇ ಇರಲಿಲ್ಲ. ಕದಿರಮ್ಮ ಎದೆ ಬಡಿದುಕೊಂಡು ಅತ್ತಳು, ಆದರೆ ಹಾಡು ಹೇಳಿ ಅಳಲಿಲ್ಲ. ಸತ್ತವರ ಮುಂದೆ ಗುಣಗಾನ ಮಾಡಿ ಹಾಡಿಕೊಂಡು ಅಳುವುದು ಎಲ್ಲರಿಗೂ ಬರುತ್ತದೆ, ಅವಳೊಬ್ಬಳಿಗೆ ಅವತ್ತು ಬರಲಿಲ್ಲ.

ಊರು ಮತ್ತೆ ಊರಿಗೆ ಬಂತು. ಪಿಳ್ಳಣ್ಣ ಮಗಳ ಹೆಸರು ಹೇಳುವುದನ್ನು ಬಿಟ್ಟ. "ಅದು", "ಆ ಮಗ" ಅನ್ನುತ್ತಿದ್ದ, ಅದೂ ಎಲ್ಲೋ ಅಪರೂಪಕ್ಕೆ. ಕದಿರಮ್ಮನಿಗೆ ದಿಗಿಲು ಹತ್ತಿದ್ದು ಆಗ. ಮದುವೆಯಾಗದೆ ಹೋದ ಹುಡುಗಿಗೆ ತಿಥಿಯಿಲ್ಲ, ಎಡೆಯಿಲ್ಲ, ಹೆಸರು ಹಿಡಿದು ನೀರು ಬಿಡುವವರಿಲ್ಲ. ಬಡವರ ಮನೆಯಲ್ಲಿ ಫೋಟೋ ಎಲ್ಲಿಂದ ಬರಬೇಕು? ಗೊತ್ತಾಗಿದ್ದ ಗಂಡಿನ ಮನೆಯವರು ಅದೇ ವರ್ಷ ಬೇರೆ ಹೆಣ್ಣು ತಂದುಕೊಂಡರು. ಅಂಜಿನಿ ಎನ್ನುವ ಹೆಸರು ಈ ಭೂಮಿಯ ಮೇಲೆ ಇದ್ದದ್ದು ಒಂದೇ ಕಡೆ, ಯಾರೂ ಕೇಳದ ಆ ಹಾಡಿನಲ್ಲಿ. ಅದನ್ನು ನಾಲ್ಕು ಜನರ ಕಿವಿಗೆ ಹಾಕದೆ ಸತ್ತರೆ ಮಗಳನ್ನು ಎರಡನೆಯ ಸಲ ಮಣ್ಣು ಮಾಡಿದ ಹಾಗೆ. ಇದು ಅವಳ ತಲೆಯಲ್ಲಿ ಕೂತುಬಿಟ್ಟಿತು.

ಮುಂದಿನ ವರ್ಷ ಬಾಶೆಟ್ಟಿಹಳ್ಳಿಯ ಪಟೇಲರ ಮನೆಯಿಂದ ಕರೆ ಬಂತು. ಅವರ ಮಗಳು ಅನುಸೂಯಳ ಮದುವೆ. ಕದಿರಮ್ಮ ಎದ್ದು ಬಂದಳೆಂದು ಎಲ್ಲರಿಗೂ ಸಂತೋಷವಾಯಿತು. ಎರಡು ದಿನ ನಗಿಸಿದಳು, ಬೀಗರನ್ನು ಗೋಳುಹೊಯ್ದುಕೊಂಡಳು. ಹೆಣ್ಣೊಪ್ಪಿಸುವ ಹೊತ್ತಿಗೆ, ಅನುಸೂಯ ಹೊಸಿಲ ಬಳಿ ನಿಂತಾಗ, ಕಣ್ಣುಮುಚ್ಚಿ ಎತ್ತಿದಳು: "ಕರಿಯ ಕರುವಿಗೆ ಹೇಳಿ ಬಂದ್ಯೇನೆ ಅಂಜಿನಿ…"

ಅಂಜಿನಿ ಯಾರೆಂದು ಅಲ್ಲಿದ್ದ ಮುದುಕಿಯರಿಗೆಲ್ಲ ಗೊತ್ತು. "ಅಯ್ಯೋ, ಸತ್ತವಳ ಹೆಸರು ಹಿಡಿದು ಬದುಕಿರೋಳನ್ನ ಒಪ್ಪಿಸ್ತಾಳಲ್ಲಮ್ಮ!" ಎಂದು ಒಬ್ಬಳು ಬಾಯಿಗೆ ಕೈ ಇಟ್ಟುಕೊಂಡಳು. ಪಟೇಲರ ಹೆಂಡತಿಯ ಮುಖ ಕಪ್ಪಿಟ್ಟಿತು. ಇನ್ನೊಂದು ಉಸಿರು ತಡವಾಗಿದ್ದರೆ ಏನಾಗುತ್ತಿತ್ತೋ. ಪಾಪಮ್ಮ ಸೊಲ್ಲು ತೆಗೆದುಕೊಂಡಳು. ಅದೇ ರಾಗ, ಅದೇ ಸಾಲು. ಹೆಸರಿನ ಜಾಗದಲ್ಲಿ ಅನುಸೂಯ. ಗಟ್ಟಿಯಾಗಿ, ಇಡೀ ಚಪ್ಪರಕ್ಕೆ ಕೇಳುವ ಹಾಗೆ. ಹಾಡು ಮುಂದೆ ಹೋಯಿತು. "ನೋಡಿದರೆ ನಾ ತಾಳಲಾರೆ" ಎನ್ನುವಲ್ಲಿ ಪಟೇಲರೇ ಪೇಟದ ತುದಿಯಲ್ಲಿ ಕಣ್ಣೊರೆಸಿಕೊಂಡರು.

ಇಬ್ಬರೂ ಮನೆಯ ದಾರಿ ಹಿಡಿದರು.

"ಯಾಕೇ ಬದಲಾಯಿಸ್ದೆ?" ಎಂದಳು ಕದಿರಮ್ಮ.

"ನೀನೇ ಅಲ್ವಾ ಅಕ್ಕಯ್ಯ ಹೇಳಿಕೊಟ್ಟಿದ್ದು? ಹೆಸರಿನ ಜಾಗ ಹಸೆ ಇದ್ದಂಗೆ ಅಂತ. ನಿನ್ನ ಅಲ್ಲೇ ಹೊಡೆದು ಹಾಕ್ಬಿಡೋರು ಕಣಕ್ಕಯ್ಯ."

ಪಾಪಮ್ಮ ತಪ್ಪೇನು ಮಾಡಿದ್ದಳು? ತಾನು ಚಿವುಟಿ ಕಲಿಸಿದ ಪಾಠವನ್ನೇ ಅವಳು ಒಪ್ಪಿಸಿದ್ದಳು. ಕದಿರಮ್ಮನಿಗೆ ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ. ಸಿಟ್ಟಿಗೂ ಒಂದು ಜಾಗ ಬೇಕಲ್ಲ.

ಅಲ್ಲಿಂದಾಚೆಗೆ ಅವಳನ್ನು ಯಾರೂ ಮದುವೆಗೆ ಕರೆಯಲಿಲ್ಲ. ಮುಖಕ್ಕೆ ಹೊಡೆದ ಹಾಗೆ ಯಾರೂ ಏನೂ ಅನ್ನಲಿಲ್ಲ, ನಮ್ಮ ಜನ ಅಷ್ಟು ಒರಟರಲ್ಲ. "ಪಾಪ, ಅವಳಿಗೆ ಮನಸ್ಸು ಸರಿಯಿಲ್ಲ, ಯಾಕೆ ತೊಂದ್ರೆ ಕೊಡೋದು" ಎಂದು ಹೇಳಿ ಪಾಪಮ್ಮನನ್ನು ಕರೆದರು. ಕರೆದವರೆಲ್ಲ ಒಂದೇ ಹಾಡು ಕೇಳಿದರು, ಆ ಕರುವಿನ ಹಾಡು. ಹಾಡಿದವಳು ಬೇಡ, ಹಾಡು ಬೇಕು! ಅದು ಮೇಲಿನಜೂಗಾನಹಳ್ಳಿಗೆ ಹೋಯಿತು, ದೇವನಹಳ್ಳಿ ದಾಟಿತು, ಹೊಸಕೋಟೆಯ ಕಡೆ ತೆಲುಗು ಮಾತಾಡುವ ಮನೆಗಳಲ್ಲೂ ಹಾಡಿದರು. ಕರಿಯ ಕರುವನ್ನು ಕಂಡೇ ಇರದ ಹುಡುಗಿಯರೆಲ್ಲ ಕರಿಯ ಕರುವಿಗೆ ಹೇಳಿ ಗಂಡನ ಮನೆಗೆ ಹೋದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರೆ. ಕೊಟ್ಟ ಹಾಡಿಗೂ ಅದೇ ಕಟ್ಟಳೆ. ಆದರೆ ಕೊಟ್ಟ ಹೆಣ್ಣಿನ ಹೆಸರನ್ನಾದರೂ ಯಾರೂ ಬದಲಾಯಿಸುವುದಿಲ್ಲ.

ಹೀಗೇ ಒಂದು ಮದುವೆಯಲ್ಲಿ ನಾಟಕದ ಕಂಪನಿಯ ಹಾರ್ಮೋನಿಯಂ ಮಾಸ್ತರೊಬ್ಬರು ಊಟಕ್ಕೆ ಕೂತಿದ್ದರಂತೆ. ಅವರ ಕಂಪನಿಯವರು ಆಗ ಕೃಷ್ಣನ ಮದುವೆಯ ನಾಟಕ ಆಡುತ್ತಿದ್ದರು. ಹಾಡು ಕಿವಿಗೆ ಬಿತ್ತು, ಹೆಸರಿನ ಜಾಗ ಖಾಲಿ ಇತ್ತು, ರುಕ್ಮಿಣಿ ಬಂದು ಕೂತಳು. ಅಂಜಿನಿ ಅನ್ನುವಷ್ಟೇ ಉದ್ದ, ಅಷ್ಟೇ ತೂಕ. ಅನುಸೂಯ ಅನ್ನುವಾಗ ನಾಲಗೆ ಓಡಬೇಕಿತ್ತು, ಆದಿಲಕ್ಷ್ಮಿಯಂಥ ಹೆಸರಿಗೆ ತಾಳವೇ ಸಾಲುತ್ತಿರಲಿಲ್ಲ. ರುಕ್ಮಿಣಿ ಮಾತ್ರ ಹೊಲಿಸಿಟ್ಟ ಹಾಗೆ ಕೂತುಬಿಟ್ಟಿತು. ಯುದ್ಧ ಮುಗಿದ ಮೇಲೆ ಅದರ ಗ್ರಾಮಫೋನ್ ಪ್ಲೇಟೂ ಬಂತು.

ಕದಿರಮ್ಮನಿಗೆ ಇದೊಂದೂ ಗೊತ್ತಿರಲಿಲ್ಲ. ಸಂತೆಯ ದಿನ ಬೆಣ್ಣೆ ಮಾರಲು ದೊಡ್ಡಬಳ್ಳಾಪುರಕ್ಕೆ ಹೋದವಳು, ಕಾಫಿ ಹೋಟೆಲಿನ ಮುಂದೆ ಕಾಲು ಕಿತ್ತಿಡಲಾರದೆ ನಿಂತಳು. ಒಳಗೆ ಗ್ರಾಮಫೋನು ಹಾಡುತ್ತಿತ್ತು. ಯಾವಳೋ ಸಣ್ಣ ಗಂಟಲಿನವಳು, ಪಿಟೀಲು ತಬಲ ಸಮೇತ, "ಕರಿಯ ಕರುವಿಗೆ ಹೇಳಿ ಬಂದ್ಯೇನೆ ರುಕ್ಮಿಣಿ" ಎನ್ನುತ್ತಿದ್ದಳು. ಹಾಡು ಮುಗಿದು ಮುಳ್ಳು ಕರಕರ ಅನ್ನುವವರೆಗೂ ನಿಂತಿದ್ದು, ಆಮೇಲೆ ಬೆಣ್ಣೆಯ ಚಟ್ಟಿ ಕಂಕುಳಲ್ಲಿಟ್ಟುಕೊಂಡು ಗಲ್ಲಾಪೆಟ್ಟಿಗೆಯ ಹತ್ತಿರ ಹೋದಳು. ಗಲ್ಲಾದಲ್ಲಿ ಕೂತಿದ್ದವರು ಹೋಟೆಲಿನ ಯಜಮಾನರು.

"ಸ್ವಾಮಿ, ಅದು ನನ್ನ ಮಗಳ ಹಾಡು."

"ನಿಮ್ಮ ಮಗಳಾ ಹಾಡಿರೋದು? ಪ್ಲೇಟಲ್ಲಿ ಬೇರೆ ಯಾರದೋ ಹೆಸರಿದೆಯಲ್ಲಮ್ಮ."

"ಹಾಡಿರೋಳಲ್ಲ, ಒಳಗಿರೋಳು. ರುಕ್ಮಿಣಿ ಅಂತಾಳಲ್ಲ, ಅದು ಅಂಜಿನಿ ಅಂತ ಆಗ್ಬೇಕು."

ಯಜಮಾನರು ಕೆಟ್ಟವರಲ್ಲ. ನಗಲಿಲ್ಲ. "ಅಮ್ಮಾ, ಅದು ಪುರಾಣದ ಹಾಡು, ಬಹಳ ಹಳೇದು. ಕೃಷ್ಣ ದನ ಕಾಯೋನಲ್ವಾ? ಅದಕ್ಕೇ ಕರು ಬಂದಿರೋದು. ಅದರಲ್ಲಿ ದೊಡ್ಡ ಅರ್ಥ ಇದೆ" ಎಂದು ತಿಳಿಸಿ ಹೇಳಿ, ಬಿಸಿಲಲ್ಲಿ ಬಂದ ಹೆಂಗಸೆಂದು ಒಂದು ಲೋಟ ಕಾಫಿ ಕೊಡಿಸಿದರು. ಕದಿರಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತು ಕುಡಿದಳು. ಕಾಫಿ ಚೆನ್ನಾಗಿತ್ತು. ಅಷ್ಟು ಹೊತ್ತೂ ಒಳಗೆ ರುಕ್ಮಿಣಿ ಹೊಸಿಲು ದಾಟುತ್ತಲೇ ಇದ್ದಳು. ಕಣ್ಣೆದುರೇ ಹುಟ್ಟಿ ಓಡಾಡಿಕೊಂಡಿದ್ದ ಕರುವಿಗೂ ದೊಡ್ಡ ಅರ್ಥ ಬಂದುಬಿಟ್ಟಿತ್ತು.

ಮನೆಗೆ ಬಂದು ಗಂಡನಿಗೆ ಹೇಳಿದಳು. ಪಿಳ್ಳಣ್ಣನಿಗೆ ಆ ಹೊತ್ತಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಜಗಲಿಯ ಮೇಲೆ ಮಲಗಿದ್ದವನು ಅವಳ ಕಡೆ ಮುಖ ತಿರುಗಿಸಿದ. "ಹಂಗಾದ್ರೆ ಎಲ್ಲೂ ಇಲ್ವೇನೆ ಆ ಮಗ?" ಎಂದು ಕೇಳಿದ.

ವರಲಕ್ಷ್ಮಿಗೆ ಮದುವೆ ಗೊತ್ತಾಯಿತು. ಪಾಪಮ್ಮ ವೀಳ್ಯ ಹಿಡಿದುಕೊಂಡು ಬಂದು ಜಗಲಿಯ ಕೆಳಗೆ ಕೂತಳು. "ಅಕ್ಕಯ್ಯ, ನನ್ನ ಮಗಳ ಮದುವೇಲಿ ನೀನೇ ಹಾಡ್ಬೇಕು. ಹೆಣ್ಣೊಪ್ಪಿಸೋವಾಗ ಅಂಜಿನಿ ಅಂತಲೇ ಹೇಳು. ನಾನೂ ಅಂಜಿನಿ ಅಂತಲೇ ಸೊಲ್ಲು ತಗೋತೀನಿ."

"ಹುಚ್ಚು ಹಿಡೀತೇನೆ ನಿಂಗೆ? ಮಗಳ ಬಾಳು ಕಣೇ ಅದು."

"ಬೀಗರಿಗೆ ನಾನು ಹೇಳ್ಕೋತೀನಿ. ಒಂದೇ ಬಟ್ಟಲಲ್ಲಿ ಉಂಡ ಹುಡುಗೀರು. ಅಂಜಿನಿ ಹೆಸರಿಂದ ವರಲಕ್ಷ್ಮಿಗೆ ಕೇಡಾಗ್ತದಾ? ಅವತ್ತಿಂದ ನಂಗೆ ಆ ಹಾಡು ಹಾಡಿದಾಗೆಲ್ಲ ಅಂಜಿನಿ ಮುಖಾನೇ ಕಣ್ಮುಂದೆ ಬರ್ತದೆ ಅಕ್ಕಯ್ಯ. ಒಂದ್ಸಲ ನೀನು ಸರಿಯಾಗಿ ಹಾಡ್ಬಿಡು."

ಕದಿರಮ್ಮ ಗಂಡನ ಕಡೆ ನೋಡಿದಳು. "ಹೋಗು. ಒಂದ್ಸಲ ಎಲ್ರ ಮುಂದೆ ಹೇಳ್ಬಿಟ್ಟು ಬಾ," ಎಂದ ಪಿಳ್ಳಣ್ಣ. ಅವನ ಸರಿಯಿದ್ದ ಕಣ್ಣಿನಲ್ಲಿ ನೀರಿತ್ತು.

ಮದುವೆಯ ದಿನ ಕದಿರಮ್ಮ ಪೆಟ್ಟಿಗೆಯಿಂದ ಹಳೆಯ ರವಿಕೆ ಕಣದಲ್ಲಿ ಹೊಲಿಸಿದ್ದ ರವಿಕೆ ತೆಗೆದು ಹಾಕಿಕೊಂಡಳು. ಚಪ್ಪರದ ಕಂಬಕ್ಕೆ ಒರಗಿಸಿ ಬಾಡಿಗೆಯ ಗ್ರಾಮಫೋನು ಇಟ್ಟಿದ್ದರು, ಗಂಡಿನ ಕಡೆಯವರ ದೊಡ್ಡಸ್ತಿಕೆ. ಇದ್ದವು ನಾಲ್ಕೈದು ಪ್ಲೇಟು. ಬೆಳಗಿನಿಂದ ಅವೇ ತಿರುಗಿ ತಿರುಗಿ ಬಂದವು. ಪ್ರತಿ ಸಲ ರುಕ್ಮಿಣಿ ಬಂದಾಗಲೂ ಕದಿರಮ್ಮ ಒಳಗೊಳಗೇ ಅಂಜಿನಿ, ಅಂಜಿನಿ ಎಂದು ಸರಿಮಾಡಿಕೊಂಡಳು. ಆರತಿಗೆ ಸುಣ್ಣ ಅರಿಶಿನ ಕಲಸುವಾಗಲೂ ಬಾಯಲ್ಲಿ ಅದೇ. ಕೂಸಿಗೆ ಮಾತು ಕಲಿಸುವ ಹಾಗೆ ತನ್ನ ನಾಲಗೆಗೆ ತಾನೇ ಕಲಿಸುತ್ತಿದ್ದಳು.

ಹೆಣ್ಣೊಪ್ಪಿಸುವ ಹೊತ್ತಾಯಿತು. ಪಾಪಮ್ಮ ಗ್ರಾಮಫೋನು ನಿಲ್ಲಿಸಿ ಬಂದು ಪಕ್ಕದಲ್ಲಿ ಕೂತು, ಕೈ ಹಿಡಿದುಕೊಂಡಳು. ವರಲಕ್ಷ್ಮಿ ಹೊಸಿಲ ಬಳಿ ನಿಂತಿದ್ದಳು. ಅಂಜಿನಿಯ ಸೊಂಟದಲ್ಲಿದ್ದ ಕೂಸು, ಮದುವಣಗಿತ್ತಿಯಾಗಿ ಎತ್ತರಕ್ಕೆ ನಿಂತಿತ್ತು. ಕದಿರಮ್ಮನದು ಎಷ್ಟೋ ವರ್ಷದಿಂದ ಹೊರಗೆ ಬರದ ದನಿ, ಆದರೂ ಒಡೆದಿರಲಿಲ್ಲ. ಎತ್ತಿದಳು:

"ಕರಿಯ ಕರುವಿಗೆ ಹೇಳಿ ಬಂದ್ಯೇನೆ ರುಕ್ಮಿಣಿ…"

ಬಾಯಿಂದ ಬಂದದ್ದು ಅದೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎತ್ತಿದವಳು ಏನು ಹೇಳುತ್ತಾಳೋ ಸೊಲ್ಲಿನವಳು ಅದನ್ನೇ ಹೇಳಬೇಕು. ಪಾಪಮ್ಮ ತಬ್ಬಿಬ್ಬಾಗಿ ಅವಳ ಮುಖ ನೋಡುತ್ತಿದ್ದಂತೆ, ಚಪ್ಪರದ ಹೆಂಗಸರೆಲ್ಲ ತಮಗೆ ಗೊತ್ತಿದ್ದ ಹಾಡು ಬಂತೆಂದು ಒಟ್ಟಿಗೇ ದನಿ ಸೇರಿಸಿದರು. ಯಾರಿಗೂ ತಪ್ಪು ಅನ್ನಿಸಲಿಲ್ಲ. ಆ ಸಾಲು ಮತ್ತೆ ಬಂದಾಗ ಕದಿರಮ್ಮ ಅಂಜಿನಿ ಎಂದಳು, ಮೂರನೆಯ ಸಲವೂ ಕಿರುಚಿ ಅಂಜಿನಿ ಎಂದಳು. ಅಷ್ಟು ಜನರ ರುಕ್ಮಿಣಿಯ ನಡುವೆ ಅದು ಅವಳ ಕಿವಿಗೇ ಕೇಳಿಸಲಿಲ್ಲ. ವರಲಕ್ಷ್ಮಿ ಹೊಸಿಲು ದಾಟಿದಳು. ತಿರುಗಿ ನೋಡಿದಳು ಕೂಡ.

ಪಾಪಮ್ಮ ಎಷ್ಟು ಕರೆದರೂ ಊಟಕ್ಕೆ ನಿಲ್ಲದೆ ಕದಿರಮ್ಮ ಮನೆಗೆ ಬಂದಳು. ಸಂಜೆಯ ಬಿಸಿಲು ಜಗಲಿಯ ಮೇಲಿತ್ತು. ಪಿಳ್ಳಣ್ಣ ಅವಳ ಹೆಜ್ಜೆ ಕೇಳಿ ಏಳಲು ಒದ್ದಾಡುತ್ತಿದ್ದ. ಅವನನ್ನು ಗೋಡೆಗೆ ಒರಗಿಸಿ ಕೂರಿಸಿ, ಲೋಟದಲ್ಲಿ ನೀರು ಕುಡಿಸಿದಳು.

"ಹಾಡಿದ್ಯಾ?"

"ಹಾಡಿದೆ."

"ಹೆಸರು ಹೇಳಿದ್ಯಾ?"

ಕದಿರಮ್ಮ ಲೋಟವನ್ನು ಕೆಳಗಿಟ್ಟಳು. "ಹೇಳ್ದೆ."

"ಎಲ್ರೂ ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡ್ರು. ಎಲ್ರೂ ಜೊತೇಲಿ ಹೇಳಿದ್ರು."

ಪಿಳ್ಳಣ್ಣ ಗೋಡೆಗೆ ತಲೆ ಆನಿಸಿ ಉಸಿರು ಬಿಟ್ಟ. ಅವನ ಸೊಟ್ಟ ಬಾಯಿ ತಡಕಾಡಿತು. ಗುಡಿಸಲಿನಿಂದ ಹೊರಟಂದಿನಿಂದ ಆಡದ ಮಾತನ್ನು ಹುಡುಕಿ, ತೊದಲಿ, "ಅಂಜಿನಿ" ಎಂದ. ಇನ್ನೊಂದು ಸಲ ಎಂದ. ಮುಖದಲ್ಲಿ ನಗು ಬಂದಿತ್ತು. "ನೀನೂ ಒಂದ್ಸಲ ಅನ್ನೇ, ಅಲ್ಲಿ ಹಾಡಿದಂಗೆ," ಎಂದು ಕೇಳಿದ.

ಕದಿರಮ್ಮ ಬಾಯಿ ತೆರೆದಳು. ನಾಲಗೆ ಮತ್ತೆ ಏನು ಹೇಳಿಬಿಡುತ್ತದೋ ಎಂಬ ಭಯಕ್ಕೆ ಹಾಗೇ ಮುಚ್ಚಿಕೊಂಡು, ರಾಗಿ ಬೀಸುವುದಿದೆ ಎಂದು ಎದ್ದು ಒಳಗೆ ಹೋದಳು.